ಮುಂಬಯಿಯಿಂದ ಮಾಸ್ಕೋವಿಗೆ ಸರಕಿನ ದಾರಿ

ಪರದೇಶಕ್ಕೆ ಸರಕು ಕಳುಹಿಸುವ ವರ್ತಕನು ಮೊದಲು ನಕಾಶೆಯ ಮೇಲೆ ದೂರವನ್ನು ಅಳೆಯುವುದು ಸಹಜ. ಆದರೆ ದೂರವೊಂದೇ ದಾರಿಯ ಬೆಲೆಯನ್ನು ನಿರ್ಧರಿಸಲಾರದು. ಸೂಯೆಜ್ ಕಾಲುವೆಯ ಮೂಲಕ ಯೂರೋಪನ್ನು ಬಳಸಿ ರಷ್ಯಾವನ್ನು ಸೇರುವ ಕಡಲ ಹಾದಿಗೆ ಬದಲಾಗಿ, 2000ದ ಸೆಪ್ಟೆಂಬರಿನಲ್ಲಿ ಭಾರತ, ಇರಾನ್, ರಷ್ಯಾಗಳು ಉತ್ತರ-ದಕ್ಷಿಣ ಸಾರಿಗೆ ಮಾರ್ಗದ ಒಪ್ಪಂದಕ್ಕೆ ಸಹಿ ಹಾಕಿದವು. ಬಂದರ್ ಅಬ್ಬಾಸಿನವರೆಗೆ ಹಡಗು, ಮುಂದೆ ರೈಲು ಮತ್ತು ಲಾರಿ. ಒಟ್ಟು ಸುಮಾರು 7,200 ಕಿಲೋಮೀಟರು. ಕಡಲ ಹಾದಿ ಹೆಚ್ಚುಕಡಿಮೆ ಇದರ ಇಮ್ಮಡಿ.

ತೊಡಕಿರುವುದು ಕಾಸ್ಪಿಯನ್ ದಂಡೆಯಲ್ಲಿ. 2019ರಲ್ಲಿ ಹಳಿಯು ಇರಾನಿನ ರಷ್ತ್ ನಗರವನ್ನು ಮುಟ್ಟಿತಾದರೂ, ಅಲ್ಲಿಂದ ಗಡಿಯ ಅಸ್ತಾರಾವರೆಗಿನ ಸುಮಾರು 160 ಕಿಲೋಮೀಟರಿಗೆ ಹಳಿ ಹಾಕುವ ಇರಾನ್-ರಷ್ಯಾ ಒಪ್ಪಂದವಾದದ್ದು 2023ರ ಮೇ ತಿಂಗಳಲ್ಲಿ. ಹಳಿಯಿಲ್ಲದೆಡೆ ಸರಕನ್ನು ರೈಲಿನಿಂದ ಇಳಿಸಿ ಲಾರಿಗೆ ಹೇರಬೇಕು, ಗಡಿಯಲ್ಲಿ ಮತ್ತೆ ರೈಲಿಗೇರಿಸಬೇಕು. ಹಳಿಯ ಅಗಲವೂ ಒಂದೇ ಅಲ್ಲ: ಇರಾನಿನಲ್ಲಿ 1,435 ಮಿಲಿಮೀಟರು, ಆಚೆಯ ಅಜರ್‌ಬೈಜಾನಿನಲ್ಲಿ 1,520. ಮೀಟರ್ ಗೇಜಿನ ಕಾಲದಲ್ಲಿ ಮೀರಜ ಜಂಕ್ಷನ್ನಿನ ಹಮಾಲರನ್ನು ಕಂಡ ಹಿರಿಯರಿಗೆ ಈ ಕಷ್ಟ ಹೊಸತೇನಲ್ಲ. ಪ್ರತಿ ಇಳಿಕೆ-ಏರಿಕೆಗೂ ಕೂಲಿ ತೆರಬೇಕು, ಕಾಯಬೇಕು. ಒಡೆತ, ಕಳವುಗಳ ಭಯವೂ ಉಂಟು. ಕಾಯುವಷ್ಟು ದಿನವೂ ವರ್ತಕನ ಬಂಡವಾಳದ ಮೇಲೆ ಬಡ್ಡಿ ಬೆಳೆಯುತ್ತದೆ.

ಹಾಗೆಂದು ಕಡಲು ನಿಶ್ಚಿಂತವಲ್ಲ. 2021ರ ಮಾರ್ಚಿನಲ್ಲಿ ಒಂದೇ ಹಡಗು ಅಡ್ಡ ಸಿಲುಕಿ ಸೂಯೆಜ್ ಕಾಲುವೆ ಆರು ದಿನ ಮುಚ್ಚಿತು. ಬೆಲೆಯುಳ್ಳ ಹಗುರ ಔಷಧಿಗೆ ದಿನಗಳ ಉಳಿತಾಯವೇ ದೊಡ್ಡದು. ಭಾರವಾದ ಅಗ್ಗದ ಸರಕಿಗೆ ಹಡಗಿನ ಕಡಿಮೆ ಬಾಡಿಗೆಯೇ ಲಾಭ.