ಕೊಡಲಿ ಮನೆಯಲ್ಲಿರಲಿ, ಗರಗಸ ಚೀಲದಲ್ಲಿರಲಿ

ಬೇಸಿಗೆ ಹತ್ತಿರ ಬಂದಂತೆಲ್ಲ ನಮ್ಮ ಸಂಘದ ಮನೆಗಳಲ್ಲಿ ಟೆಂಟು, ಸ್ಲೀಪಿಂಗ್ ಬ್ಯಾಗು, ಕೂಲರುಗಳ ದೂಳು ಕೊಡವುವ ಕೆಲಸ ಶುರುವಾಗುತ್ತದೆ. ಅವಲಕ್ಕಿ, ಚಟ್ನಿಪುಡಿ, ಹುಳಿಯನ್ನದ ಗೊಜ್ಜು ಎಲ್ಲದರ ಪಟ್ಟಿ ತಯಾರಾಗುವ ಹೊತ್ತಿಗೆ ಯಾರಾದರೊಬ್ಬರು ಫೋನು ಮಾಡಿಯೇ ಮಾಡುತ್ತಾರೆ: "ನಿಮ್ಮಲ್ಲಿ ಕೊಡಲಿ ಇದೆಯಲ್ಲ ಸಾರ್, ನಾಲ್ಕು ದಿನದ ಮಟ್ಟಿಗೆ ಬೇಕಾಗಿತ್ತು." ಕೊಡಲಿ ಇದೆ. ಆದರೆ ಕೊಡುವ ಮನಸ್ಸಿಲ್ಲ. ಇದು ಜಿಪುಣತನವಲ್ಲ, ಅದರ ಬದಲು ಅಂಗೈಯಷ್ಟು ಅಗಲದ, ಮಡಚುವ ಒಂದು ಗರಗಸ ಒಯ್ಯಿರೆಂದು ಹೇಳುವುದು ನನ್ನ ರೂಢಿ. ಪ್ರತಿಯೊಬ್ಬರಿಗೂ ಫೋನಿನಲ್ಲಿ ವಿವರಿಸುವುದಕ್ಕಿಂತ ಒಮ್ಮೆ ಬರೆದುಬಿಡುವುದೇ ಮೇಲೆಂದು ಈ ಲೇಖನ.

ಮಲೆನಾಡಿನಿಂದ, ಕರಾವಳಿಯಿಂದ ಬಂದವರಿಗೆ ಕತ್ತಿ, ಕೊಡಲಿ ಹೊಸವೇನಲ್ಲ. ಆದರೆ ಅಲ್ಲಿ ಕೊಡಲಿ ಹಿಡಿಯುತ್ತಿದ್ದವರು ದಿನವೂ ಹಿಡಿಯುತ್ತಿದ್ದವರು. ಇಲ್ಲಿ ನಾವು ವರ್ಷವಿಡೀ ಕಂಪ್ಯೂಟರಿನ ಮುಂದೆ ಕುಳಿತು, ಒಂದು ದಿನ ಇದ್ದಕ್ಕಿದ್ದಂತೆ, ಅದೂ ದಿನವಿಡೀ ಹುಟ್ಟು ಹಾಕಿ ತೋಳು ಸೋತಿರುವಾಗ, ಸಂಜೆಯ ಮಬ್ಬಿನಲ್ಲಿ, ಬಂಡೆಯ ಮೇಲೆ ಅಲ್ಲಾಡುವ ಮರದ ತುಂಡಿಗೆ ಕೊಡಲಿ ಬೀಸುತ್ತೇವೆ. ಗುರಿ ತಪ್ಪಿದ ಕೊಡಲಿ ಹೋಗುವುದು ಮೊಣಕಾಲಿನ ಕೆಳಕ್ಕೆ ಅಥವಾ ಪಾದಕ್ಕೆ. ಗುರಿ ತಪ್ಪಿದ ಗರಗಸ ಬೆರಳಿನ ಚರ್ಮ ಹರಿಯುತ್ತದೆ. ಎರಡೂ ಗಾಯವೇ, ಆದರೆ ಒಂದಕ್ಕೆ ಬ್ಯಾಂಡೇಜು ಸಾಕು, ಇನ್ನೊಂದಕ್ಕೆ ಶಸ್ತ್ರಚಿಕಿತ್ಸೆ ಬೇಕು. ಆಲ್ಗಾಂಕ್ವಿನ್ ಪಾರ್ಕಿನ ಒಳಗಿನ ಕೆರೆಗಳಲ್ಲಿ ಹಲವೆಡೆ ಫೋನಿನ ಸಿಗ್ನಲ್ ಸಿಗುವುದಿಲ್ಲ. ಆಸ್ಪತ್ರೆ ಎಂದರೆ ಮೊದಲು ದೋಣಿ, ಆಮೇಲೆ ದೋಣಿಯನ್ನು ತಲೆಯ ಮೇಲೆ ಹೊತ್ತು ನಡೆಯುವ ಹಾದಿ, ಮತ್ತೆ ದೋಣಿ, ಆಮೇಲೆ ಕಾರು. ಜೊತೆಯಲ್ಲಿ ಮಕ್ಕಳು. ಈ ಲೆಕ್ಕ ಹಾಕಿದವರು ಕೊಡಲಿ ಕೇಳುವುದನ್ನು ಬಿಡುತ್ತಾರೆ.

ಇನ್ನೊಂದು ಮಾತು ಮೊದಲೇ ಹೇಳಬೇಕು. ಕಾರಿನಲ್ಲಿ ಹೋಗಿ, ನಲ್ಲಿ ನೀರು ಇರುವ ಕ್ಯಾಂಪ್‌ಗ್ರೌಂಡಿನಲ್ಲಿ ಟೆಂಟು ಹಾಕುವವರಿಗೆ ಗರಗಸವೂ ಬೇಕಿಲ್ಲ. ಒಂಟಾರಿಯೋದ ಪ್ರಾಂತೀಯ ಪಾರ್ಕುಗಳ ಕ್ಯಾಂಪ್‌ಗ್ರೌಂಡಿನಲ್ಲಿ ಸೌದೆ ಆಯುವಂತಿಲ್ಲ. ಅಲ್ಲಿಯೇ ಮಾರುವ ಸೌದೆಯನ್ನು ಕೊಳ್ಳಬೇಕು. ಮನೆಯ ಹಿತ್ತಿಲಿನ ಸೌದೆಯನ್ನು ಡಿಕ್ಕಿಯಲ್ಲಿ ತುಂಬಿಕೊಂಡು ಹೋದರೆ ಹಣ ಉಳಿಯುತ್ತದೆಂದು ಎಣಿಸುವವರಿದ್ದಾರೆ. ದಯವಿಟ್ಟು ಬೇಡ. 2002ರಲ್ಲಿ ಡೆಟ್ರಾಯಿಟ್ ಮತ್ತು ವಿಂಡ್ಸರ್ ಸುತ್ತ ಎಮರಾಲ್ಡ್ ಆಶ್ ಬೋರರ್ ಎಂಬ ಏಷ್ಯಾ ಮೂಲದ ಹಸಿರು ಜೀರುಂಡೆ ಮೊದಲ ಬಾರಿಗೆ ಕಂಡುಬಂತು. ಅದರ ಮರಿಹುಳು ತೊಗಟೆಯ ಕೆಳಗೆ ಕುಳಿತು ಆಶ್ ಮರವನ್ನು ಒಳಗಿನಿಂದ ತಿನ್ನುತ್ತದೆ. ಜೀರುಂಡೆ ತಾನೇ ಹಾರಿ ಹೋಗುವ ದೂರ ಸ್ವಲ್ಪ. ಅದನ್ನು ಊರಿಂದ ಊರಿಗೆ ಸಾಗಿಸಿದ್ದು ಬಹುಮಟ್ಟಿಗೆ ಮನುಷ್ಯರು ಹೊತ್ತ ಸೌದೆ. ಕೋಟಿಗಟ್ಟಲೆ ಮರಗಳು ಸತ್ತಿವೆ. ಸೌದೆ ಎಲ್ಲಿ ಸುಡುತ್ತೀರೋ ಅಲ್ಲಿಯೇ ಕೊಳ್ಳಿರಿ.

ಹಾಗಾದರೆ ಗರಗಸ ಯಾರಿಗೆ? ದೋಣಿಯಲ್ಲೋ ಕಾಲ್ನಡಿಗೆಯಲ್ಲೋ ಪಾರ್ಕಿನ ಒಳಭಾಗಕ್ಕೆ ಹೋಗುವವರಿಗೆ. ಅಲ್ಲಿ ಸತ್ತು ನೆಲಕ್ಕೆ ಬಿದ್ದಿರುವ ಮರವನ್ನು ಒಲೆಯ ಮಟ್ಟಿಗೆ ಬಳಸಬಹುದು. ನಿಂತ ಮರವನ್ನು ಮುಟ್ಟುವಂತಿಲ್ಲ. ಸತ್ತು ನಿಂತಿದ್ದರೂ ಬೇಡ. ಅದು ಯಾವುದೋ ಮರಕುಟಿಗದ ಮನೆ. ಬರ್ಚ್ ಮರದ ಕಾಗದದಂಥ ತೊಗಟೆ ಬೆಂಕಿ ಹಚ್ಚಲು ಬಲು ಚೆನ್ನ ಎಂಬುದು ನಿಜ, ಆದರೆ ಜೀವಂತ ಮರದಿಂದ ಸುಲಿಯಬಾರದು. ಹೊರಡುವ ಮುನ್ನ ಬೆಂಕಿ ನಿಷೇಧವಿದೆಯೇ ಎಂದು ಪಾರ್ಕಿನವರನ್ನು ಕೇಳಿಕೊಳ್ಳಿ. ನಿಷೇಧವಿದ್ದರೆ ಗ್ಯಾಸ್ ಸ್ಟೌವೇ ಗತಿ, ಗರಗಸಕ್ಕೆ ರಜಾ.

ಈಗ ಗರಗಸದ ವಿಷಯ. ಹಾರ್ಡ್‌ವೇರ್ ಅಂಗಡಿಯ ಸಾಧಾರಣ ಮರಗೆಲಸದ ಗರಗಸ ಮುಂದಕ್ಕೆ ತಳ್ಳುವಾಗ ಕೊಯ್ಯುತ್ತದೆ. ಒಂದು ದಾರವನ್ನು ಎಳೆದು ನೋಡಿ, ನೆಟ್ಟಗೆ ನಿಲ್ಲುತ್ತದೆ. ತಳ್ಳಿ ನೋಡಿ, ಮುದುಡುತ್ತದೆ. ಉಕ್ಕಿನ ತಗಡೂ ಹಾಗೆಯೇ. ತಳ್ಳುವಾಗ ಮುದುಡಬಾರದೆಂದರೆ ತಗಡು ದಪ್ಪವಿರಬೇಕು. ತಗಡು ದಪ್ಪವಾದಷ್ಟೂ ಕೊಯ್ಯುವ ಸೀಳು ಅಗಲ, ಪುಡಿಯಾಗುವ ಮರ ಜಾಸ್ತಿ, ತೋಳಿಗೆ ದಣಿವು ಜಾಸ್ತಿ. ಜಪಾನಿನ ಬಡಗಿಗಳು ಬಹಳ ಹಿಂದಿನಿಂದಲೂ ಎಳೆಯುವಾಗ ಕೊಯ್ಯುವ ಗರಗಸ ಬಳಸುತ್ತ ಬಂದವರು. ಎಳೆದಾಗ ತಗಡು ತಾನಾಗಿ ನೆಟ್ಟಗಾಗುವುದರಿಂದ ಅದನ್ನು ತೀರ ತೆಳ್ಳಗೆ ಮಾಡಬಹುದು. ಇಂದಿನ ಒಳ್ಳೆಯ ಮಡಚುವ ಗರಗಸಗಳು ಹೆಚ್ಚಾಗಿ ಈ ಜಾತಿಯವು. ಇಷ್ಟು ತಿಳಿದರೆ ಅರ್ಧ ವಿದ್ಯೆ ಬಂದ ಹಾಗೆ. ಎಳೆಯುವಾಗ ಕೆಲಸ, ತಳ್ಳುವಾಗ ವಿಶ್ರಾಂತಿ. ತಳ್ಳುವಾಗ ಬಲ ಹಾಕಿದವರೇ ಅಲಗು ಬಗ್ಗಿಸಿಕೊಂಡು ಅಂಗಡಿಯವನನ್ನು ಬಯ್ಯುವುದು.

ಅಲಗಿನ ಉದ್ದ ಎಷ್ಟಿರಬೇಕು? ಕೊಯ್ಯಬೇಕಾದ ಮರದ ದಪ್ಪಕ್ಕಿಂತ ಅಲಗು ಎರಡರಷ್ಟಾದರೂ ಉದ್ದವಿರಲಿ. ಇಲ್ಲವಾದರೆ ಪ್ರತಿ ಎಳೆತಕ್ಕೂ ಅಲಗಿನ ತುದಿ ಸೀಳಿನೊಳಗೆ ಮಾಯವಾಗುತ್ತದೆ, ಮತ್ತೆ ತಳ್ಳುವಾಗ ಮರಕ್ಕೆ ತಗುಲಿ ಮಡಿಸಿಕೊಳ್ಳುತ್ತದೆ. ಒಲೆಗೆ ಬೇಕಾದ್ದು ಮಣಿಕಟ್ಟಿನ ಗಾತ್ರದ ಸೌದೆ. ಅದಕ್ಕೆ 17ರಿಂದ 24 ಸೆಂ.ಮೀ. ಅಲಗು ಧಾರಾಳ. ಸ್ವೀಡನ್ನಿನ ಹೆಸರು ಹೊತ್ತ ಬಾಕೋ ಲಾಪ್ಲ್ಯಾಂಡರ್ 19 ಸೆಂ.ಮೀ.ನದು. ಅಂಗುಲಕ್ಕೆ 7 ಹಲ್ಲು, ಮುಚ್ಚಿದಾಗಲೂ ತೆರೆದಾಗಲೂ ಬೀಗ ಬೀಳುತ್ತದೆ. ಮಕ್ಕಳಿರುವ ಮನೆಗೆ ಈ ಮುಚ್ಚಿದಾಗಿನ ಬೀಗ ದೊಡ್ಡ ಗುಣ. ಜಪಾನಿನ ಸಿಲ್ಕಿ ಕಂಪನಿ 1919ರಿಂದ ಹ್ಯೋಗೋ ಪ್ರಾಂತದ ಓನೋ ಊರಿನಲ್ಲಿ ಗರಗಸ ಮಾಡಿಕೊಂಡು ಬಂದಿದೆ. ಅದರ ಪಾಕೆಟ್‌ಬಾಯ್ 17 ಸೆಂ.ಮೀ., ಗೋಮ್‌ಬಾಯ್ 24 ಸೆಂ.ಮೀ.; ಬಿಗ್‌ಬಾಯ್ 36 ಸೆಂ.ಮೀ., ಅದು ದಾರಿಗಡ್ಡ ಬಿದ್ದ ಮರ ತೆಗೆಯುವವರಿಗೆ, ನಮಗಲ್ಲ. ಕೊಯ್ಯುವ ನಯದಲ್ಲಿ ಸಿಲ್ಕಿಗೆ ಸಾಟಿ ನನ್ನ ಕೈಗೆ ಸಿಕ್ಕಿಲ್ಲ; ಬೆಲೆಯೂ ಹಾಗೆಯೇ ಇದೆ. ಮೊದಲ ಗರಗಸ ಕೊಳ್ಳುವವರಿಗೆ ನನ್ನ ಸಲಹೆ ಲಾಪ್ಲ್ಯಾಂಡರ್. ಒರಟು ಕೈಗೂ ಅದು ಬಾಗಿ ಬದುಕುತ್ತದೆ. ಸಿಲ್ಕಿಯ ಅಲಗು ಅಷ್ಟು ಕ್ಷಮಿಸುವುದಿಲ್ಲ.

ಅಂದಹಾಗೆ ಜಪಾನಿನವರು ಹಲ್ಲುಗಳನ್ನು ಅಂಗುಲಕ್ಕೆ ಎಣಿಸುವುದಿಲ್ಲ, 30 ಮಿ.ಮೀ.ಗೆ ಎಣಿಸುತ್ತಾರೆ. ಪೊಟ್ಟಣದ ಮೇಲೆ 8 ಎಂದಿದ್ದರೆ ಅಂಗುಲಕ್ಕೆ ಹೆಚ್ಚುಕಡಿಮೆ 7 ಎಂದು ತಿಳಿಯಿರಿ. ಹಸಿ ಮರಕ್ಕೆ ದೊಡ್ಡ, ವಿರಳ ಹಲ್ಲು. ಒಣ ಗಟ್ಟಿ ಮರಕ್ಕೆ ಸಣ್ಣ, ಒತ್ತಾದ ಹಲ್ಲು. ನಾವು ಕೊಯ್ಯುವುದು ಒಣ ಮರವಾದ್ದರಿಂದ ಮಧ್ಯಮ ಹಲ್ಲು ಸರಿ. ಇವಲ್ಲದೆ ಬಿಲ್ಲಿನಂತೆ ಚೌಕಟ್ಟು ಬಿಚ್ಚಿಕೊಳ್ಳುವ ದೊಡ್ಡ ಗರಗಸಗಳೂ ಇವೆ. ಅಮೆರಿಕದ ಮಿನೆಸೋಟಾದ ಸ್ವೆನ್ ಸಾ, ಕೆನಡಾದವರದೇ ಆದ 21 ಅಂಗುಲದ ಬೋರಿಯಲ್. ಎರಡು ಮೂರು ಸಂಸಾರ ಒಟ್ಟಿಗೆ ವಾರಗಟ್ಟಲೆ ಹೋಗುವುದಾದರೆ ಅವನ್ನು ಯೋಚಿಸಬಹುದು.

ಅಂಗಡಿಯಲ್ಲಿ ಕೈಗೆ ತೆಗೆದುಕೊಂಡು ಬೀಗ ಹಾಕಿ, ಅಲಗನ್ನು ಮೆಲ್ಲಗೆ ಹಿಂದಕ್ಕೆ ಒತ್ತಿ ನೋಡಿ. ಲೊಡಲೊಡ ಎಂದರೆ ಕೆಳಗಿಡಿ. ಕೆಲಸದ ಮಧ್ಯೆ ಬೆರಳ ಮೇಲೆ ಮುಚ್ಚಿಕೊಳ್ಳುವ ಗರಗಸಕ್ಕಿಂತ ಗರಗಸವಿಲ್ಲದಿರುವುದೇ ಲೇಸು.

ಕೊಯ್ಯುವ ಮುನ್ನ ಸೌದೆಯ ಆಯ್ಕೆ. ನೆಲಕ್ಕೆ ಅಂಟಿ ಬಿದ್ದದ್ದು ನೀರು ಕುಡಿದಿರುತ್ತದೆ. ಬೇರೆ ಮರದ ಮೇಲೆ ಒರಗಿ ನೆಲ ಬಿಟ್ಟು ಬಿದ್ದದ್ದು ಒಣಗಿರುತ್ತದೆ. ಗರಗಸದ ಬೆನ್ನಿನಿಂದ ತಟ್ಟಿದರೆ ಒಣ ಮರ ಟಣ್ ಎನ್ನುತ್ತದೆ, ಕೊಳೆತದ್ದು ದೊಬ್ ಎನ್ನುತ್ತದೆ. ಬಿದ್ದ ಬಿಳಿ ಬರ್ಚನ್ನು ನಂಬಬೇಡಿ. ತೊಗಟೆ ಗಟ್ಟಿ, ಒಳಗೆ ಅವಲಕ್ಕಿ ಮೊಸರು. ಸೀಡರ್, ಪೈನ್ ಬೇಗ ಹತ್ತಿಕೊಳ್ಳುತ್ತವೆ, ಮೇಪಲ್ ನಿಧಾನವಾಗಿ ಕೆಂಡ ಕೊಡುತ್ತದೆ. ಎರಡು ಎಳೆತ ಎಳೆದು ಉದುರಿದ ಪುಡಿಯನ್ನು ಬೆರಳಲ್ಲಿ ಹಿಚುಕಿ ನೋಡಿ. ಉಂಡೆಯಾದರೆ ಒದ್ದೆ, ಹಾರಿಹೋದರೆ ಒಣ. ಮಣಿಕಟ್ಟಿನ ಗಾತ್ರದ ಒಣ ಸೌದೆಯನ್ನು ಸೀಳುವ ಅಗತ್ಯವಿಲ್ಲ, ಹಾಗೆಯೇ ಉರಿಯುತ್ತದೆ. ಕೊಡಲಿ ಬೇಡವೆನ್ನುವುದು ಇದಕ್ಕೇ. ಮಳೆ ಹಿಡಿದ ದಿನ ಮಾತ್ರ ಒಳಗಿನ ಒಣ ತಿರುಳು ಬೇಕಾಗುತ್ತದೆ. ಆಗ ಒಂದು ಗೇಣುದ್ದದ, ಗಂಟಿಲ್ಲದ ಪೈನ್ ತುಂಡು ಕೊಯ್ದು ನಿಲ್ಲಿಸಿ, ಮಡಚದ ಗಟ್ಟಿ ಚಾಕುವನ್ನು ಅದರ ತಲೆಯ ಮೇಲಿಟ್ಟು ಇನ್ನೊಂದು ಕಟ್ಟಿಗೆಯಿಂದ ಬೆನ್ನಿಗೆ ತಟ್ಟಿದರೆ ಸೀಳಿಕೊಳ್ಳುತ್ತದೆ.

ಈಳಿಗೆಮಣೆಯಲ್ಲಿ ಅಲಗು ಕದಲುವುದಿಲ್ಲ, ತರಕಾರಿ ಓಡಾಡುತ್ತದೆ. ಇಲ್ಲಿ ತಿರುವುಮುರುವು: ಮರ ಕದಲಬಾರದು. ಗರಗಸ ಮರವನ್ನು ನಿಮ್ಮ ಕಡೆಗೇ ಎಳೆಯುವುದರಿಂದ, ಅದನ್ನು ತಡೆಯುವ ಕಲ್ಲೋ ಬುಡವೋ ನಿಮ್ಮ ಪಕ್ಕದಲ್ಲಿರಲಿ, ಆಚೆ ಪಕ್ಕದಲ್ಲಿ ಇದ್ದರೆ ಪ್ರಯೋಜನವಿಲ್ಲ. ಎಡಗೈಗೆ ಚರ್ಮದ ಕೈಗವಸು ಹಾಕಿ, ಕೊಯ್ಯುವ ಜಾಗದಿಂದ ಒಂದು ಗೇಣು ದೂರ ಇಡಿ. ಕೈಗೆ ಗಾಯವಾಗುವುದು ಹೆಚ್ಚಾಗಿ ಮೊದಲ ಎರಡು ಮೂರು ಎಳೆತಗಳಲ್ಲಿ, ಸೀಳು ಇನ್ನೂ ಬೀಳದೆ ಅಲಗು ಜಿಗಿಯುವಾಗ. ಆದ್ದರಿಂದ ಹಿಡಿಯ ಹತ್ತಿರದ ಹಲ್ಲುಗಳಿಂದ, ಭಾರ ಹಾಕದೆ ಎರಡು ಗೆರೆ ಎಳೆಯಿರಿ. ಸೀಳು ಕೂತ ಮೇಲೆ ಅಲಗಿನ ಇಡೀ ಉದ್ದ ಬಳಸಿ, ಪಿಟೀಲು ಬಾರಿಸುವವರಂತೆ ನಿಧಾನವಾಗಿ, ಉದ್ದಕ್ಕೆ. ತುಂಡು ಬೀಳುವ ಮುನ್ನ ಮತ್ತೆ ಕೈ ಹಗುರ ಮಾಡಿ, ಇಲ್ಲವಾದರೆ ಗರಗಸ ಹಿಡಿದ ಕೈ ರಭಸಕ್ಕೆ ಮಂಡಿಗೆ ಬಂದು ಬಡಿಯುತ್ತದೆ.

ಅಲಗು ಸಿಕ್ಕಿಹಾಕಿಕೊಳ್ಳುವುದು ಏಕೆ? ಸಂಕ್ರಾಂತಿಯ ಕಬ್ಬಿನ ಜಲ್ಲೆಯನ್ನು ಮಂಡಿಯ ಮೇಲಿಟ್ಟು ಬಗ್ಗಿಸುವುದನ್ನು ನೆನಪಿಸಿಕೊಳ್ಳಿ. ಮಂಡಿಗೆ ತಾಗಿದ ಮಗ್ಗುಲು ಒತ್ತಿಕೊಳ್ಳುತ್ತದೆ, ಹೊರ ಮಗ್ಗುಲು ಬಿರಿಯುತ್ತದೆ. ಎರಡು ಕಲ್ಲುಗಳ ಮೇಲೆ ಮಲಗಿದ ಮರ ನಡುವೆ ಜೋತು ಬಿದ್ದಿರುತ್ತದೆ, ಅದರ ಮೇಲ್ಮೈ ಒತ್ತಿಕೊಂಡಿರುತ್ತದೆ. ಅಲ್ಲಿ ಮೇಲಿನಿಂದ ಕೊಯ್ದರೆ ಸೀಳು ಮುಚ್ಚಿಕೊಂಡು ಅಲಗನ್ನು ಕಚ್ಚುತ್ತದೆ. ಮೇಲಿನಿಂದ ಸ್ವಲ್ಪ ಕೊಯ್ದು, ಉಳಿದದ್ದನ್ನು ಕೆಳಗಿನಿಂದ ಕೊಯ್ಯಬೇಕು. ಕಲ್ಲಿನಿಂದ ಆಚೆಗೆ ಚಾಚಿಕೊಂಡ ತುದಿಯಾದರೆ ಇದಕ್ಕೆ ವಿರುದ್ಧ: ಮೇಲ್ಮೈ ಬಿರಿದುಕೊಳ್ಳುವ ಕಡೆ, ಮೇಲಿನಿಂದಲೇ ಸಲೀಸಾಗಿ ಕೊಯ್ಯಬಹುದು. ಕೊನೆಗೆ ಸಿಬಿರು ಕಿತ್ತುಬರದಿರಲು ಕೆಳಗೆ ಮೊದಲೇ ಒಂದು ಸಣ್ಣ ಗಾಯ ಮಾಡಿಟ್ಟರಾಯಿತು. ಜಾಣತನವೆಂದರೆ ಸಾಧ್ಯವಾದಷ್ಟೂ ಚಾಚಿದ ತುದಿಯನ್ನೇ ಕೊಯ್ಯುತ್ತ ಬರುವುದು. ಅಲಗು ಕಚ್ಚಿಕೊಂಡರೆ ಜಗ್ಗಾಡಬೇಡಿ. ಇನ್ನೊಬ್ಬರು ಮರವನ್ನು ತುಸು ಎತ್ತಿ ಹಿಡಿದರೆ ಸೀಳು ತೆರೆಯುತ್ತದೆ. ಬಾಗಿ ಬೇರೆ ಮರಕ್ಕೆ ಸಿಕ್ಕಿ ಬಿಗಿದು ನಿಂತ ಕೊಂಬೆಯ ತಂಟೆಗಂತೂ ಹೋಗಲೇಬೇಡಿ. ಅದು ಬಾಣ ಹೂಡಿದ ಬಿಲ್ಲು.

ಮಕ್ಕಳಿಗೆ ಕೊಡಬಹುದೇ ಎಂದು ತಾಯಂದಿರು ಕೇಳುತ್ತಾರೆ. ಹತ್ತು ಹನ್ನೆರಡು ವರ್ಷದ ಮಕ್ಕಳಿಗೆ, ಪಕ್ಕದಲ್ಲಿ ದೊಡ್ಡವರೊಬ್ಬರು ಕುಳಿತು, ಧಾರಾಳವಾಗಿ ಕೊಡಬಹುದು. ಹೋದ ಬೇಸಿಗೆ ಸ್ನೇಹಿತರ ಮಗನೊಬ್ಬ ಗರಗಸವನ್ನು ತಿರುಗಿಸಿ ಮುರುಗಿಸಿ ನೋಡಿ, "ಅಂಕಲ್, ಸ್ವಿಚ್ ಎಲ್ಲಿದೆ?" ಎಂದ. ಸ್ವಿಚ್ ನಿನ್ನ ಭುಜದಲ್ಲಿದೆಯಪ್ಪ ಎಂದೆ. ಒಂದು ಗಂಟೆಯಲ್ಲಿ ಅವನೂ ಅವನ ತಂಗಿಯೂ ಸೇರಿ ರಾತ್ರಿಯ ಅಡುಗೆಗೆ ಸಾಲುವಷ್ಟು ಸೌದೆ ಕೊಯ್ದಿಟ್ಟರು, ಆ ರಾತ್ರಿಯ ಬಿಸಿಬೇಳೆಬಾತನ್ನು ಮರುಮಾತಿಲ್ಲದೆ ಉಂಡರು. ಮಕ್ಕಳಿಗೆ ನಾನು ಇಡುವ ಕಟ್ಟಳೆ ಎರಡೇ. ನಿಂತು ಕೊಯ್ಯಬಾರದು, ಮಂಡಿಯೂರಿ ಕೊಯ್ಯಬೇಕು. ಎದ್ದು ಒಂದು ಹೆಜ್ಜೆ ಇಡಬೇಕಾದರೂ ಗರಗಸ ಮುಚ್ಚಿರಬೇಕು. ಎರಡನೆಯದು ಅಪ್ಪಂದಿರಿಗೂ ಅನ್ವಯಿಸುತ್ತದೆ.

ನಿರ್ವಹಣೆ ಕಷ್ಟದ್ದಲ್ಲ. ಪೈನ್ ಕೊಯ್ದರೆ ಅಲಗಿಗೆ ಅಂಟು ಹತ್ತುತ್ತದೆ, ಗರಗಸ ಮೊಂಡಾಯಿತೆಂದು ನಮಗೆ ಅನ್ನಿಸುತ್ತದೆ. ಬಟ್ಟೆಗೆ ಅಡುಗೆ ಎಣ್ಣೆ ಹಚ್ಚಿ, ಹಿಡಿಯ ಕಡೆಯಿಂದ ತುದಿಯ ಕಡೆಗೆ, ಹಲ್ಲಿಗೆ ಬೆರಳು ತಾಗದಂತೆ ಒರೆಸಿದರೆ ಬಿಡುತ್ತದೆ. ಒದ್ದೆ ಗರಗಸವನ್ನು ಮಡಚಿಟ್ಟು ಮರೆಯಬೇಡಿ. ತಿರುಗಣಿಯ ಸ್ಕ್ರೂ ಸಡಿಲವಾಗುತ್ತಿರುತ್ತದೆ, ಹೊರಡುವ ಮುನ್ನ ಬಿಗಿ ಮಾಡಿ. ಹಲ್ಲಿಗೆ ಅರ ಹಾಕಿ ಹರಿತ ಮಾಡುವ ಆಸೆ ಕೆಲವರಿಗಿರುತ್ತದೆ. ಈಗಿನ ಬಹುಪಾಲು ಅಲಗುಗಳಲ್ಲಿ ಹಲ್ಲಿನ ತುದಿಯನ್ನು ವಿದ್ಯುತ್ತಿನಿಂದ ಕ್ಷಣಮಾತ್ರ ಕಾಯಿಸಿ ತಣಿಸಿ ಗಡುಸು ಮಾಡಿರುತ್ತಾರೆ. ಆ ತುದಿಗಳು ನೀಲಿ ಕಪ್ಪಾಗಿ ಕಾಣುತ್ತವೆ. ಅದರ ಮೇಲೆ ಅರ ಜಾರುತ್ತದೆಯೇ ಹೊರತು ಉಜ್ಜುವುದಿಲ್ಲ. ಬಹಳ ದಿನ ಹರಿತ ನಿಲ್ಲುತ್ತದೆ, ಹೋದ ಮೇಲೆ ಅಲಗು ಬದಲಾಯಿಸಬೇಕು. ಆದ್ದರಿಂದ ಕೊಳ್ಳುವಾಗಲೇ ಬಿಡಿ ಅಲಗು ಸಿಗುತ್ತದೆಯೇ ಎಂದು ವಿಚಾರಿಸಿ.

ವರ್ಷಕ್ಕೆ ನಾಲ್ಕು ದಿನದ ಕ್ಯಾಂಪಿಗಾಗಿ ಇಷ್ಟು ದುಡ್ಡೇ ಎನ್ನುವವರು ಹಿತ್ತಿಲಿಗೆ ಹೋಗಿ ಸೇಬಿನ ಗಿಡವನ್ನೋ ಲೈಲಾಕನ್ನೋ ನೋಡಿ ಬರಲಿ. ಚಳಿಗಾಲದ ಕೊನೆಯಲ್ಲಿ, ಚಿಗುರುವ ಮೊದಲು, ಒಣ ಕೊಂಬೆ ಸವರಲು ಇದೇ ಗರಗಸ ಸಾಕು. ವಿಮಾನದಲ್ಲಿ ಒಯ್ಯುವುದಾದರೆ ಕೈಚೀಲದಲ್ಲಿ ಬೇಡ, ಒಪ್ಪಿಸುವ ಪೆಟ್ಟಿಗೆಯಲ್ಲಿ ಹಾಕಿ. ಹಳೆಯ ಅಲಗನ್ನು ಕಸಕ್ಕೆ ಎಸೆಯುವಾಗ ದಪ್ಪ ರಟ್ಟಿನಲ್ಲಿ ಸುತ್ತಿ, ಟೇಪು ಅಂಟಿಸಿ, ಮೇಲೆ ದೊಡ್ಡಕ್ಷರದಲ್ಲಿ ಬರೆದಿಡಿ; ಕಸದ ಚೀಲ ಎತ್ತುವವರ ಕೈಗೂ ಚರ್ಮವಿದೆ.