ಮನೆಯ ಹಿಂದಿನ ತಡೆಗೋಡೆ: ಕಂಬಿ ಯಾವ ಮಗ್ಗುಲಿಗೆ?

ಕನ್ನಂಬಾಡಿಯಿಂದ ಹೊರಟ ವಿಶ್ವೇಶ್ವರಯ್ಯ ನಾಲೆ ಹುಲಿಕೆರೆಯ ಸುರಂಗವನ್ನು ದಾಟಿ ಮಂಡ್ಯ, ಮದ್ದೂರು, ಮಳವಳ್ಳಿ ತಾಲ್ಲೂಕುಗಳಿಗೆ ನೀರುಣಿಸುತ್ತದೆ. ಈ ಕಡೆ ಓಡಾಡಿದವರು ಗಮನಿಸಿರಬಹುದು: ನಾಲೆ ದಿಣ್ಣೆಯ ಮೇಲಿರುತ್ತದೆ, ಗದ್ದೆ ಕೆಳಗಿರುತ್ತದೆ. ನಡುವಿನ ಇಳಿಜಾರಿನಲ್ಲಿ ಮನೆ ಕಟ್ಟಬೇಕಾದರೆ ನೆಲವನ್ನು ಕಡಿದು ಸಮ ಮಾಡಬೇಕು. ಆಗ ಹಿಂಬದಿಯಲ್ಲಿ ಆಳೆತ್ತರದ ಮಣ್ಣು ನೆಟ್ಟಗೆ ನಿಲ್ಲುತ್ತದೆ. ಅದನ್ನು ಹಿಡಿದಿಡಲು ತಡೆಗೋಡೆ ಬೇಕು.

ಮಳವಳ್ಳಿಯ ಬಳಿ ನನ್ನ ತಂಗಿಯ ಮನೆಯ ಹಿಂದೆ ಇಂಥದೊಂದು ಗೋಡೆ ಏಳುವಾಗ ನಾನು ಜೊತೆಗಿದ್ದೆ. ಎರಡು ಮೀಟರ್ ಎತ್ತರ. 20 ಸೆಂಟಿಮೀಟರ್ ದಪ್ಪದ ಟೊಳ್ಳು ಕಾಂಕ್ರೀಟ್ ಬ್ಲಾಕು, ಟೊಳ್ಳಿನೊಳಗೆ ಕಂಬಿ, ಸುತ್ತ ಕಾಂಕ್ರೀಟು. ನಕ್ಷೆಯನ್ನು ಇಂಜಿನಿಯರ್ ಒಬ್ಬರು ಮಾಡಿಕೊಟ್ಟಿದ್ದರು. ನನ್ನ ಕೆಲಸ ನೋಡುತ್ತಿರುವುದಷ್ಟೆ. ಗೋಡೆಯಿಂದ ಎರಡು ಮಾರು ದೂರದಲ್ಲಿ ಮಕ್ಕಳು ಮಲಗುವ ಕೋಣೆಯ ಕಿಟಕಿ ಇದ್ದುದರಿಂದ ಸ್ವಲ್ಪ ಹೆಚ್ಚೇ ನೋಡಿದೆ ಎನ್ನಬಹುದು.

ನಾನು ಹೋದಾಗ ಪಾಯದ ಕಾಂಕ್ರೀಟಿಗೆ ಮೂರು ದಿನವಾಗಿತ್ತು. ಅದರಿಂದ ಮೇಲೆದ್ದ ಕಂಬಿಗಳು ಮನೆಯ ಕಡೆಯ ಮಗ್ಗುಲಲ್ಲಿದ್ದವು. ನಕ್ಷೆಯಲ್ಲಿ ಮಣ್ಣಿನ ಕಡೆಗಿದ್ದವು. ಕೇಳಿದರೆ ಮೇಸ್ತ್ರಿಯವರು, "ಗೋಡೆ ಮುಂದಕ್ಕಲ್ವಾ ಸಾ ಬೀಳೋದು? ಅದಕ್ಕೇ ಮುಂದ್ಗಡೆ ಕಂಬಿ ಕೊಟ್ಟಿದ್ದೀನಿ" ಎಂದರು. ಕೇಳಲು ಸರಿ ಎನಿಸುವ ಮಾತು. ಆದರೆ ಕಂಬಿ ಊರುಗೋಲಲ್ಲ, ಹಗ್ಗ.

ನೀವೇ ಪರೀಕ್ಷಿಸಿ. ಉದ್ದನೆಯ ಸ್ಪಂಜಿನ ತುಂಡೊಂದರ ಎರಡು ಮಗ್ಗುಲಲ್ಲೂ ಸಮಾನ ಅಂತರದ ಅಡ್ಡ ಗೆರೆಗಳನ್ನು ಎಳೆಯಿರಿ. ಬುಡವನ್ನು ಬಿಗಿಯಾಗಿ ಹಿಡಿದು ತುದಿಯನ್ನು ಹಿಂದಿನಿಂದ ತಳ್ಳಿ. ತಳ್ಳಿದ ಮಗ್ಗುಲಿನ ಗೆರೆಗಳು ಬುಡದ ಬಳಿ ದೂರ ಸರಿಯುತ್ತವೆ, ಎದುರು ಮಗ್ಗುಲಿನವು ಹತ್ತಿರ ಬರುತ್ತವೆ. ಅಂದರೆ ಮಣ್ಣಿನ ಕಡೆ ಎಳೆತ, ಮನೆಯ ಕಡೆ ಅದುಮಿಕೆ. ಕಾಂಕ್ರೀಟು ಅದುಮಿಕೆಯನ್ನು ಚೆನ್ನಾಗಿ ತಾಳುತ್ತದೆ. ಎಳೆತವನ್ನು ತಾಳುವ ಶಕ್ತಿ ಅದರ ಸುಮಾರು ಹತ್ತನೆಯ ಒಂದು ಭಾಗ ಮಾತ್ರ. ಎಳೆತ ಇರುವಲ್ಲಿಯೇ ಉಕ್ಕು ಇರಬೇಕು. ಮುಂದೆ ಇಟ್ಟ ಕಂಬಿ ಹೆಚ್ಚುಕಡಿಮೆ ದಂಡ.

ಪಾಯವನ್ನು ಒಡೆಸಿದೆವು. ಒಂದು ವಾರದ ಕೂಲಿ, ಸಿಮೆಂಟು ಹೋಯಿತು. ತಂಗಿ ಎರಡು ದಿನ ನನ್ನೊಡನೆ ಸರಿಯಾಗಿ ಮಾತಾಡಲಿಲ್ಲ. ಸ್ಪಂಜನ್ನು ಬಗ್ಗಿಸಿ ನೋಡಿದ ಮೇಸ್ತ್ರಿಯವರು ಮಾತ್ರ ಏನೂ ಹೇಳದೆ ಸುತ್ತಿಗೆ ತೆಗೆದುಕೊಂಡರು.

ಮಣ್ಣು ಗೋಡೆಯನ್ನು ಎಷ್ಟು ತಳ್ಳುತ್ತದೆ? ಇದನ್ನು ಮೊದಲು ಲೆಕ್ಕಕ್ಕೆ ತಂದವರಲ್ಲಿ ವಿದ್ಯುದಾವೇಶಗಳ ನಿಯಮದಿಂದ ನಿಮಗೆ ಪರಿಚಿತನಾದ ಕೂಲಂಬ್ ಒಬ್ಬ. ಆತ ಮೂಲತಃ ಸೇನೆಯ ಇಂಜಿನಿಯರ್. ಮಾರ್ಟಿನಿಕ್ ದ್ವೀಪದಲ್ಲಿ ಕೋಟೆ ಕಟ್ಟಿಸಿ ಬಂದು 1773ರಲ್ಲಿ ಪ್ಯಾರಿಸ್ಸಿನ ಅಕಾಡೆಮಿಗೆ ಈ ಪ್ರಬಂಧವನ್ನು ಒಪ್ಪಿಸಿದ. ಆವೇಶದ ನಿಯಮ ಬಂದದ್ದು 1785ರಲ್ಲಿ. ಮಣ್ಣಿನ ಕಣಗಳ ನಡುವೆ ಘರ್ಷಣೆ ಇರುವುದರಿಂದ, ಸಾಮಾನ್ಯ ಮರಳುಮಣ್ಣಿನಲ್ಲಿ ಪಕ್ಕದ ಒತ್ತಡ ಮೇಲಿನ ಭಾರದ ಮೂರನೆಯ ಒಂದು ಭಾಗದಷ್ಟಿರುತ್ತದೆ. ಘನಮೀಟರಿಗೆ 1.8 ಟನ್ ತೂಗುವ ಮಣ್ಣು ಎರಡು ಮೀಟರ್ ಎತ್ತರವಿದ್ದರೆ ಗೋಡೆಯ ಪ್ರತಿ ಮೀಟರ್ ಉದ್ದಕ್ಕೆ 1.2 ಟನ್ ಬಲ ಬೀಳುತ್ತದೆ. ಎತ್ತರ ಇಮ್ಮಡಿಯಾದರೆ ಬಲ ನಾಲ್ಕು ಪಟ್ಟು, ಬುಡದಲ್ಲಿ ಮಗುಚುವ ಪರಿಣಾಮ ಎಂಟು ಪಟ್ಟು. "ಇನ್ನೆರಡು ವರಸೆ ಏರಿಸಿಬಿಡೋಣ" ಎನ್ನುವವರಿಗೆ ಈ ಲೆಕ್ಕ ಗೊತ್ತಿರಬೇಕು.

ನೀರು ತುಂಬಿದರೆ ಕಥೆ ಬೇರೆ. ನೀರಿಗೆ ಘರ್ಷಣೆಯ ರಿಯಾಯಿತಿ ಇಲ್ಲ. ಅದು ಎಲ್ಲ ದಿಕ್ಕಿಗೂ ಪೂರ್ತಿ ಒತ್ತುತ್ತದೆ. ಎರಡು ಮೀಟರ್ ನೀರೇ ಎರಡು ಟನ್. ಮುಳುಗಿದ ಮಣ್ಣು ತೇಲುಬಲದಿಂದ ಹಗುರಾಗಿ 0.7 ಟನ್ ಕೊಡುತ್ತದೆ. ಒಟ್ಟು 2.7 ಟನ್, ಮೊದಲಿನ ಇಮ್ಮಡಿಗಿಂತ ಹೆಚ್ಚು. ಕನ್ನಂಬಾಡಿ ಕಟ್ಟೆ ತನ್ನ ತೂಕದಿಂದಲೇ ನೀರನ್ನು ತಡೆಯುತ್ತದೆ. ಒಂದು ಗೇಣಿಗಿಂತ ಕಡಿಮೆ ದಪ್ಪದ ನಮ್ಮ ಗೋಡೆಗೆ ಆ ಶಕ್ತಿ ಎಲ್ಲಿಂದ ಬರಬೇಕು? ನೀರನ್ನು ಹೊರಬಿಡುವುದೇ ಉಪಾಯ. ಆದ್ದರಿಂದ ಗೋಡೆಯ ಹಿಂದೆ ಮೊಳದಗಲ ಜಲ್ಲಿ, ಜೇಡಿ ನುಗ್ಗದಂತೆ ಜಲ್ಲಿಗೂ ಮಣ್ಣಿಗೂ ನಡುವೆ ಸೋಸುಬಟ್ಟೆ, ಬುಡದಲ್ಲಿ ಬಸಿಕೊಳವೆಗಳು. ಜಲ್ಲಿಯ ಬದಲು ಅಗೆದ ಮಣ್ಣನ್ನೇ ತುಂಬಿಬಿಡುವ ಆಸೆ ಎಲ್ಲ ಕಡೆಯೂ ಇರುತ್ತದೆ. ಮುಚ್ಚಿದ ಮೇಲೆ ಯಾರಿಗೂ ಕಾಣದು. ಆ ಎರಡು ದಿನ ಅಲ್ಲಿಂದ ಕದಲಬೇಡಿ. ಟೊಳ್ಳಿನ ಕಾಂಕ್ರೀಟು ಬಲಿಯುವ ಮೊದಲೇ ಮಣ್ಣು ತುಂಬಲು ಬಿಡಬೇಡಿ. ತುಂಬುವಾಗಲೂ ಗೋಡೆಗೆ ತಾಗುವಂತೆ ಜೆಸಿಬಿ ಓಡಾಡಕೂಡದು.

ಆಮೇಲೂ ಗೋಡೆಯನ್ನು ಅಳೆಯಬಹುದು. ನೆತ್ತಿಯಲ್ಲಿ ಒಂದು ಮೊಳೆ, ಅದಕ್ಕೆ ದಾರ, ತುದಿಗೆ ತೂಕದ ಗುಂಡು. ಗುಂಡನ್ನು ಎಣ್ಣೆಯ ಡಬ್ಬಿಯಲ್ಲಿ ಮುಳುಗಿಸಿದರೆ ಗಾಳಿಗೆ ಓಲಾಡುವುದು ನಿಲ್ಲುತ್ತದೆ. ಬುಡದಲ್ಲಿ ಗೋಡೆಗೂ ದಾರಕ್ಕೂ ಇರುವ ಅಂತರವನ್ನು ತಿಂಗಳಿಗೊಮ್ಮೆ ಬರೆದಿಡಿ. ಅಳತೆ ಹೆಚ್ಚುತ್ತಲೇ ಹೋದರೆ, ಅಥವಾ ಬಿರುಕು ಕಂಡರೆ, ಇಂಜಿನಿಯರನ್ನು ಕರೆಸಿ.

ನಮ್ಮ ಗೋಡೆ ಮಣ್ಣು ತುಂಬಿದ ತಿಂಗಳಲ್ಲಿ ಎರಡು ಮಿಲಿಮೀಟರ್ ಬಾಗಿತು, ನಾಲೆಗೆ ನೀರು ಬಿಟ್ಟ ಮೇಲೆ ಮತ್ತೊಂದು. ಅನಂತರ ಬದಲಾಗಿಲ್ಲ. ಆರು ಬಸಿಕೊಳವೆಗಳಲ್ಲಿ ಐದು ತೊಟ್ಟಿಕ್ಕುತ್ತಿವೆ. ಆರನೆಯದಕ್ಕೆ ಕಡ್ಡಿ ಹಾಕಿ ನೋಡಲು ಸೋದರಳಿಯನಿಗೆ ಹೇಳಿದ್ದೇನೆ.