ಜಿಗಿಗೆ ಕಟ್ಟಿದ ಬೆಲೆ

“ಬೀಜದ ಅಂಗಡ್ಯಾಗ ಇಷ್ಟೊಂದು ಹೊಸ ತಳಿ ಬಂದಾವ, ನಮ್ಮ ಮಂದಿ ಇನ್ನೂ ಮಾಲದಂಡಿ ಜ್ವಾಳಾನ ಯಾಕ ಬೇಡ್ತಾರ್ರೀ?” ಎಂದು ಮಂದ್ರೂಪದ ಓದುಗರೊಬ್ಬರು ಕೇಳಿದ್ದಾರೆ. ತಳಿವಿಜ್ಞಾನಿಗೆ ಕೇಳಬೇಕಾದ ಪ್ರಶ್ನೆ. ಉತ್ತರ ಮಾತ್ರ ಅರ್ಧ ಒಲೆಯ ಮುಂದಿದೆ, ಇನ್ನರ್ಧ ಸಂತೆಯಲ್ಲಿದೆ.

ಸೊಲ್ಲಾಪುರ ಸೀಮೆಯ ಯಾವ ಸಂತೆಗಾದರೂ ಹೋಗಿ, ಜೋಳ ಕೊಳ್ಳಲು ಬಂದ ಹೆಣ್ಣುಮಗಳನ್ನು ನೋಡಿ. ಚೀಲದ ಬಾಯಿಗಿರುವ ಕಾಳು ಮುಟ್ಟುವುದಿಲ್ಲ. ಮೊಳಕೈತನಕ ಕೈ ಇಳಿಸಿ ತಳದ ಹಿಡಿ ಎತ್ತುತ್ತಾಳೆ. ಅಂಗೈಯಲ್ಲಿ ಹರವಿ ಬಿಸಿಲಿಗೆ ಹಿಡಿಯುತ್ತಾಳೆ, ಊದಿ ಹೊಟ್ಟು ಹಾರಿಸುತ್ತಾಳೆ, ನಾಕು ಕಾಳು ಬಾಯಿಗೆ ಹಾಕಿ ಹಲ್ಲಲ್ಲಿ ಒಡೆಯುತ್ತಾಳೆ. ಧಾರಣಿ ಕೇಳುವುದು ಅದಾದ ಮೇಲೆ.

ಅವಳು ಹುಡುಕುತ್ತಿರುವುದು ಜಿಗಿ. ಗೋಧಿಯ ಗ್ಲುಟೆನ್ ಜೋಳದಲ್ಲಿಲ್ಲ, ಹಿಟ್ಟನ್ನು ಹಿಡಿದಿಡಲು ಬೇರೇನೋ ಬೇಕು. ಅದಕ್ಕೇ ಎಸರು ಕುದಿಸಿ ಸುರಿಯುವುದು. ಬಿಸಿಗೆ ಪಿಷ್ಟದ ಒಂದು ಪಾಲು ನೀರು ಕುಡಿದು ಉಬ್ಬಿ ಅಂಟಾಗುತ್ತದೆ. ಆ ಅಂಟಿದ್ದರೆ ಬಡಿಯುವಾಗ ರೊಟ್ಟಿಯ ಅಂಚು ಸೀಳುವುದಿಲ್ಲ, ಹಂಚಿನ ಮೇಲೆ ಪದರು ಬಿಟ್ಟು ಉಬ್ಬುತ್ತದೆ. ಕಾಳಿನೊಳಗೆ ಗಾಜಿನಂಥ ಗಟ್ಟಿ ಭಾಗವೆಷ್ಟು, ಹಿಟ್ಟಿನಂಥ ಮೆದು ಭಾಗವೆಷ್ಟು ಎಂಬುದರ ಮೇಲೂ ರೊಟ್ಟಿಯ ಹಣೆಬರಹ ನಿಂತಿದೆ. ಅದು ಕಣ್ಣಿಗೆ ಕಾಣದು; ಹಲ್ಲಿಗೆ ಒಂದಿಷ್ಟು ಗೊತ್ತಾಗುತ್ತದೆ.

ಮಾಲದಂಡಿ ಸೊಲ್ಲಾಪುರ ಜಿಲ್ಲೆಯದೇ ಕೂಸು. 1930ರ ದಶಕದಲ್ಲಿ ಮೊಹೋಳದ ಸಂಶೋಧನಾ ಕೇಂದ್ರದಲ್ಲಿ ಊರಿನ ತಳಿಯಿಂದಲೇ ಆರಿಸಿ ತೆಗೆದದ್ದು. ಕಾಗದದ ಮೇಲಿನ ಹೆಸರು ಎಂ 35-1. ಹಿಂಗಾರಿಯಲ್ಲಿ ಬಿತ್ತಿದರೆ ಎರಿ ಹೊಲದೊಳಗೆ ಉಳಿದ ಹಸಿಯನ್ನೇ ಕುಡಿದು ಬೆಳೆಯುತ್ತದೆ. ಮಾಗುವಾಗ ಮಳೆ ಇರುವುದಿಲ್ಲವಾದ್ದರಿಂದ ಕಾಳು ಮುತ್ತಿನಂತೆ ಬೆಳ್ಳಗೆ ಉಳಿಯುತ್ತದೆ.

1964ರಲ್ಲಿ ದೇಶದ ಮೊದಲ ಹೈಬ್ರಿಡ್ ಜೋಳ ಸಿಎಸ್‌ಎಚ್-1 ಬಂತು. ತಾಯಿ ಅಮೆರಿಕದ ತಳಿ, ಆಳು ಗಿಡ್ಡ, ಫಸಲು ದಂಡಿ. ಮುಂಗಾರಿ ಹೊಲಕ್ಕೆ ಹೇಳಿ ಮಾಡಿಸಿದಂತಿತ್ತು. ಆದರೆ ಬೇಗ ಮಾಗುವ ತೆನೆ ಮಳೆಗೆ ಸಿಕ್ಕಿ ಬೂಸ್ಟು ಹಿಡಿದು ಕಪ್ಪಾಗುತ್ತಿತ್ತು. ‘ಹೈಬ್ರೀಡ್ ಜ್ವಾಳ’ ಎಂದರೆ ಅಗ್ಗದ ಜೋಳ ಎಂಬ ಅರ್ಥ ಪೇಟೆಯಲ್ಲಿ ಕೂತುಬಿಟ್ಟಿತು. 1972ರ ಬರದಲ್ಲಿ ರೇಷನ್ನಿಗೆ ಬಂದ ಕೆಂಪು ‘ಮಿಲೋ’ ಜೋಳವನ್ನು ಉಂಡವರು ಇಂದಿಗೂ ಮುಖ ಕಿವುಚುತ್ತಾರೆ. ಹಸಿವು ತೀರಿತು, ಆದರೆ ಬರ ಹೋದ ಮೇಲೆ ಅದನ್ನು ಯಾರೂ ಹುಡುಕಿಕೊಂಡು ಹೋಗಲಿಲ್ಲ.

ಮಂದಿಯ ಈ ಹಟವನ್ನು ಅಳೆಯಬಹುದೇ? ಇಲ್ಲಿ ಸ್ವಲ್ಪ ದೂರದ ಬಾಸ್ಟನ್‌ಗೆ ಹೋಗಿ ಬರೋಣ. ನನಗೆ ಬಹಳ ಇಷ್ಟದ ಕಥೆ. ಫ್ರೆಡರಿಕ್ ವಾ ಎಂಬ ಅರ್ಥಶಾಸ್ತ್ರಜ್ಞ ಅಲ್ಲಿನ ಸಗಟು ತರಕಾರಿ ಪೇಟೆಯಲ್ಲಿ ಕೈಯಲ್ಲಿ ಅಳತೆಪಟ್ಟಿ ಹಿಡಿದಂತೆ ಕೆಲಸ ಮಾಡಿದ. ನಮ್ಮ ಶತಾವರಿಯ ಬಂಧು ಆಸ್ಪರಾಗಸ್ ಕಟ್ಟುಗಳ ಹಸಿರು ಭಾಗವೆಷ್ಟು, ದಪ್ಪವೆಷ್ಟು, ಹೋದ ಬೆಲೆಯೆಷ್ಟು ಎಂದು ಬರೆದಿಟ್ಟುಕೊಂಡ. 1928ರಲ್ಲಿ ಪ್ರಕಟಿಸಿದ ಲೆಕ್ಕ ಹೀಗಿತ್ತು: ಹಸಿರು ಒಂದು ಇಂಚು ಹೆಚ್ಚಾದರೆ ಡಜನ್ ಕಟ್ಟಿಗೆ ಸುಮಾರು 38 ಸೆಂಟು ಹೆಚ್ಚು. ಕೊಳ್ಳುವವನು ಬಾಯಿ ಬಿಟ್ಟು ಹೇಳದ ಆಸೆಯನ್ನು ವಾ ಬೆಲೆಯೊಳಗಿಂದ ಬಿಡಿಸಿ ತೆಗೆದಿದ್ದ. 1966ರಲ್ಲಿ ಕೆಲ್ವಿನ್ ಲಂಕಾಸ್ಟರ್ ಇದಕ್ಕೆ ಸಿದ್ಧಾಂತದ ರೂಪ ಕೊಟ್ಟ: ಗಿರಾಕಿ ಕೊಳ್ಳುವುದು ಸಾಮಾನನ್ನಲ್ಲ, ಅದರ ಗುಣಗಳ ಗಂಟನ್ನು.

ಅದೇ ಅಳತೆಪಟ್ಟಿ ಮುಂದೆ ಜೋಳಕ್ಕೆ ಬಂತು. ಹೈದರಾಬಾದ್ ಬಳಿ ಪಟಾಂಚೆರುವಿನ ಇಕ್ರಿಸ್ಯಾಟ್‌ನಲ್ಲಿದ್ದ ಮಥಿಯಾಸ್ ಫಾನ್ ಓಪೆನ್ ಮತ್ತು ಪಿ. ಪಾರ್ಥಸಾರಥಿ ರಾವ್ ಪೇಟೆಯ ಜೋಳದ ಬೆಲೆಯನ್ನು ಅದರ ಗುಣಗಳ ಜೊತೆ ತಾಳೆ ನೋಡಿದರು. ಗುಣಗಳನ್ನು ಎರಡು ಪಾಲು ಮಾಡಿದರು: ಬಣ್ಣ, ಬೂಸ್ಟು, ಕಾಳಿನ ತೂಕದಂಥ ಕಾಣುವವು, ನೀರು ಕುಡಿದು ಉಬ್ಬುವಿಕೆ, ಪ್ರೋಟೀನಿನಂಥ ಅಡಗಿದವು. ಬೆಲೆಯಲ್ಲಿ ಅಡಗಿದವಕ್ಕೂ ಪಾಲಿತ್ತು! ಪ್ರಯೋಗಾಲಯಕ್ಕೆ ಕಳಿಸದೆ ದಲಾಲಿಗೆ ಅದು ತಿಳಿಯುವುದು ಹೇಗೆ? ನನ್ನ ಊಹೆ ಸರಳ: ಹೋದ ವಾರದ ಜೋಳ ರೊಟ್ಟಿಯಾಗದಿದ್ದರೆ ಈ ವಾರ ಬೈಗುಳ ಅಂಗಡಿಗೇ ಬರುತ್ತದೆ. ಬೈಗುಳ ತಿಂದ ಅಂಗಡಿಯವ ಮುಂದಿನ ಸಲ ಯಾವ ಊರಿನ ಮಾಲು ಎಂದು ಕೇಳಿಯೇ ಕೊಳ್ಳುತ್ತಾನೆ.

ಇನ್ನೊಬ್ಬ ಗಿರಾಕಿಯನ್ನು ತಳಿ ಮಾಡುವವರು ಬಹಳ ಕಾಲ ಲೆಕ್ಕಕ್ಕೇ ಹಿಡಿಯಲಿಲ್ಲ. ಎತ್ತು. ಗಿಡ್ಡ ಹೈಬ್ರಿಡ್ ಕಾಳು ಕೊಟ್ಟೀತು, ಕಣಕಿ ಎಲ್ಲಿ? ಮಾಲದಂಡಿಯ ಉದ್ದನೆಯ ಕಣಕಿಯನ್ನು ದನ ಇಷ್ಟಪಟ್ಟು ತಿನ್ನುತ್ತದೆ, ಬರದ ವರ್ಷ ಅದರ ಬಣವಿ ಇದ್ದವನೇ ಸಾಹುಕಾರ. ಕಾಳಿನ ಇಳುವರಿಯೊಂದನ್ನೇ ತೂಗಿ ‘ರೈತ ಹೊಸತನ್ನು ಒಪ್ಪುವುದಿಲ್ಲ’ ಎಂದು ಬರೆದ ವರದಿಗಳನ್ನು ಓದಿದಾಗ ನನಗೆ ನಗು ಬರುತ್ತದೆ.

ಪಾಠ ತಡವಾಗಿಯಾದರೂ ಮುಟ್ಟಿತು. ಈಗ ಹಿಂಗಾರಿ ತಳಿಗಳ ರೊಟ್ಟಿಯನ್ನು ಮಾಲದಂಡಿಯ ರೊಟ್ಟಿಯ ಪಕ್ಕದಲ್ಲಿಟ್ಟು ತೂಗುತ್ತಾರೆ. ರಾಹುರಿಯ ಮಹಾತ್ಮಾ ಫುಲೆ ಕೃಷಿ ವಿದ್ಯಾಪೀಠದ ಪಟ್ಟಿ ಓದಿದರೆ ಅಡುಗೆಮನೆಗೇ ಹೊಕ್ಕಂತೆ: ಕಾಳಿಗೂ ಕಣಕಿಗೂ ಫುಲೆ ವಸುಧಾ, ಸೀತನಿಗೆ ಫುಲೆ ಮಧುರ, ಹಪ್ಪಳಕ್ಕೆ ಫುಲೆ ರೋಹಿಣಿ, ಅಳ್ಳು ಹುರಿಯಲು ಫುಲೆ ಪಂಚಮಿ. ಕೊನೆಯದರ ಹೆಸರೇ ಹಬ್ಬದ್ದು.

2023ರ ಸಿರಿಧಾನ್ಯ ವರ್ಷದ ಗದ್ದಲದಲ್ಲಿ ನಗರದ ಅಂಗಡಿಗಳಿಗೆ ಬಂದ ಜೋಳದ ಬಿಸ್ಕೀಟು, ಶಾವಿಗೆಗಳ ಬಗ್ಗೆ ನನಗೆ ಅಷ್ಟು ಭರವಸೆಯಿಲ್ಲ. ಹಿಟ್ಟಿನ ಪಾಕೀಟನ್ನು ಕಡಿದು ನೋಡಲಾಗದು. ಬೀಸಿ ಬಹಳ ದಿನವಾದ ಹಿಟ್ಟು ಜಿಗಿ ಬಿಟ್ಟಿರುತ್ತದೆ ಎಂಬುದು ಒಲೆ ಮುಂದೆ ಕೂತ ಮೇಲಷ್ಟೇ ತಿಳಿಯುತ್ತದೆ. ಬಿಸ್ಕೀಟಿಗಂತೂ ಜಿಗಿಯೇ ಬೇಡ.

ಮಂದ್ರೂಪದ ಓದುಗರಿಗೆ ಇನ್ನೊಂದು ಮಾತು. ನೀವು ಕೊಳ್ಳುವುದೆಲ್ಲ ಎಂ 35-1 ಎಂದು ತಿಳಿಯಬೇಡಿ. ಪೇಟೆಯಲ್ಲಿ ದುಂಡಗೆ ಬೆಳ್ಳಗಿರುವ ಹಿಂಗಾರಿ ಜೋಳಕ್ಕೆಲ್ಲ ಅದೇ ಹೆಸರು; ಹೊಸ ತಳಿಯ ಚೀಲ ಬಿಚ್ಚಿಟ್ಟರೂ ಅಂಗಡಿಯವ “ಮಾಲದಂಡಿ ಐತಿ ತಗೋರಿ ಅಕ್ಕಾರ” ಎನ್ನುತ್ತಾನೆ. ಅಕ್ಕ ಹೂಂ ಎನ್ನುತ್ತಾಳೆ, ಚೀಲದೊಳಗೆ ಮೊಳಕೈತನಕ ಕೈ ಇಳಿಸುತ್ತಾಳೆ.